ಲಾರಿಯ ಮೀಟರಿಗೆ ಬೇರೆ ಸೆನ್ಸರ್

ಲಾರಿ ಓಡಿಸುವವರ ಕಣ್ಣ ಮುಂದೆ ಒಂದು ಗುಂಡನೆಯ ಮೀಟರ್ ಇರುತ್ತದೆ. ಅದರಲ್ಲಿ ಒಂದು ಮುಳ್ಳು. ಸುತ್ತಲೂ 20, 40, 60, 80 ಎಂಬ ಅಂಕಿಗಳು. ಇದೇ ಸ್ಪೀಡೋಮೀಟರ್. ಲಾರಿ ಗಂಟೆಗೆ ಎಷ್ಟು ಕಿಲೋಮೀಟರ್ ವೇಗದಲ್ಲಿದೆ ಎಂದು ಮುಳ್ಳು ಹೇಳುತ್ತದೆ. ಲಾರಿ ಒಟ್ಟು ಓಡಿದ ದೂರವನ್ನೂ ಇಲ್ಲೇ ಓದಬಹುದು.

ಈ ಮುಳ್ಳು ಸುಳ್ಳು ಹೇಳಿದರೆ? ಮುಳ್ಳು 40ರಲ್ಲಿದೆ, ಲಾರಿ ನಿಜವಾಗಿ 80ರಲ್ಲಿ ಓಡುತ್ತಿದೆ ಎಂದು ಇಟ್ಟುಕೊಳ್ಳಿ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ಲಾರಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ರಸ್ತೆಗೆ ಅಡ್ಡ ಬಂದ ಎಮ್ಮೆಯೂ ಉಳಿಯದು, ಲಾರಿಯೂ ಉಳಿಯದು. ಪಳಗಿದ ಡ್ರೈವರಿಗೆ ಇಷ್ಟು ದೊಡ್ಡ ತಪ್ಪು ಗೊತ್ತಾಗಿಬಿಡುತ್ತದೆ ನಿಜ. ಆದರೆ 60 ತೋರಿಸಿ 72ರಲ್ಲಿ ಓಡಿದರೆ ಗೊತ್ತಾಗುವುದು ಕಷ್ಟ. ಅದೇ ಹೆಚ್ಚು ಅಪಾಯ.

ಹಳೆಯ ಲಾರಿಗಳಲ್ಲಿ ಗೇರ್ ಬಾಕ್ಸಿನಿಂದ ಮೀಟರಿನವರೆಗೆ ಒಂದು ಕೇಬಲ್ ಇರುತ್ತಿತ್ತು. ಗಾಡಿ ಓಡಿದಂತೆ ಕೇಬಲಿನ ಒಳತಂತಿ ತಿರುಗುತ್ತಿತ್ತು. ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ಅದು ತಿರುಗಿಸುತ್ತಿತ್ತು. ಅಯಸ್ಕಾಂತವು ಪಕ್ಕದ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತಿತ್ತು. ಬಟ್ಟಲಿಗೆ ಮುಳ್ಳು ಅಂಟಿಕೊಂಡಿತ್ತು. ಈ ಬಗೆಯ ಮೀಟರಿಗೆ ಜರ್ಮನಿಯ ಓಟೊ ಶುಲ್ಜೆ ಎಂಬುವರು 1902ರಲ್ಲಿ ಪೇಟೆಂಟ್ ಪಡೆದರು.

ಈಗ ಕೇಬಲಿನ ಬದಲು ಸೆನ್ಸರ್ ಬಂದಿದೆ. ಇದು ಹೆಬ್ಬೆರಳಿನಷ್ಟು ಗಾತ್ರದ ವಸ್ತು. ಗೇರ್ ಬಾಕ್ಸಿನ ಮೇಲೆ ಕೂರುತ್ತದೆ. ನರ್ಸಮ್ಮ ನಾಡಿ ಹಿಡಿದು ಬಡಿತ ಎಣಿಸುವುದನ್ನು ನೀವು ನೋಡಿದ್ದೀರಿ. ಸೆನ್ಸರಿನದೂ ಅಂಥದೇ ಕೆಲಸ. ಗಾಡಿಯ ಶಾಫ್ಟ್ ತಿರುಗಿದಂತೆ ಅದು ವೈರಿನಲ್ಲಿ ವಿದ್ಯುತ್ತಿನ ಬಡಿತ ಕಳಿಸುತ್ತದೆ. ಈ ಬಡಿತಕ್ಕೆ ಪಲ್ಸ್ ಎನ್ನುತ್ತಾರೆ. ಮೀಟರ್ ಪಲ್ಸ್ ಎಣಿಸಿ ಮುಳ್ಳನ್ನು ಏರಿಸುತ್ತದೆ.

ಸೆನ್ಸರ್ ಕೆಟ್ಟಾಗ ಅದೇ ಜಾತಿಯದು ಸಿಗದೆ ಹೋಗಬಹುದು. ಆಗ ನಡೆಯುವ ಮಾತು ಹೀಗಿರುತ್ತದೆ:

ಡ್ರೈವರ್: ಬೇರೆ ಗಾಡೀದು ಒಂದು ಸೆನ್ಸರ್ ಐತೆ. ಹಾಕಿದ್ರೆ ಆಗಲ್ವಾ?

ಎಲೆಕ್ಟ್ರಿಷಿಯನ್: ಆಗ್ತದೆ. ಮೊದ್ಲು ಮೂರು ಸಂಗತಿ ನೋಡ್ಬೇಕು. ಎಷ್ಟು ವೈರು? ಎಷ್ಟು ವೋಲ್ಟು? ಸುತ್ತಿಗೆ ಎಷ್ಟು ಪಲ್ಸು?

ಡ್ರೈವರ್: ಸಾಕೆಟ್ ಒಂದೇ ಥರ ಕಾಣ್ತದಲ್ಲಣ್ಣ?

ಎಲೆಕ್ಟ್ರಿಷಿಯನ್: ಬೀಗ ಒಂದೇ ಥರ ಕಂಡ್ರೆ ಕೀಲಿ ಒಂದೇ ಆಗ್ತದಾ?

ವೈರಿನ ವಿಷಯ ಮೊದಲು. ಕೆಲವು ಸೆನ್ಸರಿಗೆ ಎರಡೇ ವೈರು. ಅದರೊಳಗೆ ಅಯಸ್ಕಾಂತ ಮತ್ತು ತಂತಿಯ ಸುರುಳಿ ಇರುತ್ತದೆ. ಅದು ತಾನೇ ಕರೆಂಟ್ ಹುಟ್ಟಿಸುತ್ತದೆ. ಗಾಡಿ ನಿಧಾನವಾದರೆ ಅದರ ಪಲ್ಸ್ ಕ್ಷೀಣವಾಗುತ್ತದೆ. ಕೆಲವಕ್ಕೆ ಮೂರು ವೈರು. ಒಂದು ಪ್ಲಸ್, ಒಂದು ಅರ್ಥ್, ಒಂದು ಸಿಗ್ನಲ್. ಇವು ಸಾಮಾನ್ಯವಾಗಿ ಹಾಲ್ ಸೆನ್ಸರ್. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ವದ ಮೇಲೆ ಕೆಲಸ ಮಾಡುತ್ತವೆ. ಇವಕ್ಕೆ ಹೊರಗಿನಿಂದ ಕರೆಂಟ್ ಕೊಡಲೇಬೇಕು. ಮೂರು ವೈರಿನ ಸೆನ್ಸರಿಗೆಂದು ಮಾಡಿದ ಮೀಟರಿಗೆ ಎರಡು ವೈರಿನದನ್ನು ನೇರ ಜೋಡಿಸಬೇಡಿ. ಮುಳ್ಳು ಏಳದೆ ಇರಬಹುದು, ಇಲ್ಲವೆ ಕುಣಿಯಬಹುದು. ನಡುವೆ ಸಿಗ್ನಲ್ ಬದಲಿಸುವ ಪೆಟ್ಟಿಗೆ ಬೇಕು.

ವೋಲ್ಟ್ ಎರಡನೆಯದು. ದೊಡ್ಡ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಸಣ್ಣ ಗಾಡಿಯ ಸೆನ್ಸರ್ 12 ವೋಲ್ಟಿನದಾದರೆ ಇಲ್ಲಿ ಸುಟ್ಟುಹೋಗಬಹುದು. ಸೆನ್ಸರಿನ ಮೇಲೆ ಬರೆದಿರುವುದನ್ನು ಓದಿ. ಸಾಕೆಟ್ಟಿಗೆ ಎಷ್ಟು ವೋಲ್ಟ್ ಬರುತ್ತಿದೆ ಎಂದು ಮಲ್ಟಿಮೀಟರ್ ಇಟ್ಟು ನೋಡಿ. ಬಣ್ಣ ನೋಡಿ ವೈರ್ ಸೇರಿಸಬೇಡಿ. ಕಂಪನಿಗೊಂದು ಬಣ್ಣ ಇರುತ್ತದೆ.

ಮೂರನೆಯದು ಪಲ್ಸಿನ ಲೆಕ್ಕ. ಮುಖ್ಯ ಇದೇ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಲಾರಿಯನ್ನು ಮೆಲ್ಲಗೆ ಮುಂದೆ ಬಿಡಿ. ಗುರುತು ಒಂದು ಸುತ್ತು ಬಂದು ನೆಲ ಮುಟ್ಟುವಾಗ ಎಷ್ಟು ದೂರ ಆಯಿತು, ಅಳೆಯಿರಿ. 3 ಮೀಟರ್ 20 ಸೆಂಟಿಮೀಟರ್ ಬಂತು ಎನ್ನೋಣ. ಹಾಗಾದರೆ ಒಂದು ಕಿಲೋಮೀಟರಿಗೆ ಚಕ್ರ 312 ಸುತ್ತೂವರೆ ತಿರುಗುತ್ತದೆ. ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ 6 ಸುತ್ತು ತಿರುಗಿದರೆ, ಕಿಲೋಮೀಟರಿಗೆ 1875 ಸುತ್ತು. ಹಳೆಯ ಸೆನ್ಸರ್ ಶಾಫ್ಟಿನ ಒಂದು ಸುತ್ತಿಗೆ 8 ಪಲ್ಸ್ ಕೊಡುತ್ತಿದ್ದರೆ, ಕಿಲೋಮೀಟರಿಗೆ 15,000 ಪಲ್ಸ್. ಹೊಸದು 16 ಕೊಟ್ಟರೆ 30,000. ಮೀಟರಿಗೆ ಸೆನ್ಸರ್ ಬದಲಾದದ್ದು ಏನು ಗೊತ್ತು? 40ರಲ್ಲಿ ಹೋಗುವ ಲಾರಿಯನ್ನು 80 ಎನ್ನುತ್ತದೆ. 16ರದು ತೆಗೆದು 8ರದು ಹಾಕಿದರೆ ತಿರುವುಮುರುವು. 80ನ್ನು 40 ಎನ್ನುತ್ತದೆ. ಓಡಿದ ದೂರದ ಅಂಕಿಯೂ ಹಾಗೇ ತಪ್ಪುತ್ತದೆ. ಆಯಿಲ್ ಬದಲಿಸುವ ಲೆಕ್ಕ, ಬಾಡಿಗೆಯ ಲೆಕ್ಕ ಎಲ್ಲ ಕೆಡುತ್ತದೆ.

ಕೆಲವು ಮೀಟರಿನಲ್ಲಿ ಈ ಸಂಖ್ಯೆಯನ್ನು ಬದಲಿಸಲು ಸಣ್ಣ ಸ್ವಿಚ್ಚುಗಳಿರುತ್ತವೆ. ಇಲ್ಲದಿದ್ದರೆ ಪಲ್ಸ್ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆಯನ್ನು ನಡುವೆ ಹಾಕಬೇಕು.

ಕೆಲಸಕ್ಕೆ ಕೂರುವ ಮುಂಚೆ ಚಕ್ರಕ್ಕೆ ಅಡೆ ಇಡಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ವೋಲ್ಟ್ ಅಳೆಯುವಾಗ ಮಾತ್ರ ಮತ್ತೆ ಜೋಡಿಸಿ. ಕೀಲುಗಳನ್ನು ಬರೀ ತಿರುಚಿ ಟೇಪ್ ಸುತ್ತಿದರೆ ಒಂದು ಮಳೆಗಾಲವೂ ಬಾಳದು. ಬೆಸುಗೆ ಹಾಕಿ, ಮೇಲೆ ತೋಳು ಹೊದಿಸಿ. ಸೈಲೆನ್ಸರ್ ಪೈಪಿಗೂ ತಿರುಗುವ ಶಾಫ್ಟಿಗೂ ವೈರ್ ತಾಗದಂತೆ ಕಟ್ಟಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. 2015ರ ಅಕ್ಟೋಬರ್ 1ರಿಂದ ತಯಾರಾದ ಹೆಚ್ಚಿನ ಸಾಗಣೆ ವಾಹನಗಳಿಗೆ ವೇಗ ತಡೆಯುವ ಸಾಧನ ಕಡ್ಡಾಯ. ಹೊಸ ಲಾರಿಗಳಲ್ಲಿ ಇದೂ ಇಂಜಿನ್ನಿನ ಕಂಪ್ಯೂಟರೂ ಸೆನ್ಸರಿನ ಪಲ್ಸನ್ನೇ ನಂಬಿರಬಹುದು. ಅಂಥ ಗಾಡಿಯ ವೈರ್ ಕತ್ತರಿಸಬೇಡಿ. ಕಂಪನಿಯ ವರ್ಕ್‌ಷಾಪಿಗೆ ಒಯ್ಯಿರಿ.

ಎಲ್ಲ ಆದ ಮೇಲೆ ಪರೀಕ್ಷೆ. ಇದಕ್ಕೆ ಯಾವ ಯಂತ್ರವೂ ಬೇಡ. ಕಿಲೋಮೀಟರ್ ಕಲ್ಲಿರುವ ನೇರ ರಸ್ತೆ, ಒಂದು ಗಡಿಯಾರ ಸಾಕು. ಗಡಿಯಾರ ಕ್ಲೀನರನ ಕೈಯಲ್ಲಿರಲಿ, ಡ್ರೈವರನ ಕಣ್ಣು ರಸ್ತೆಯ ಮೇಲಿರಲಿ. ಮುಳ್ಳನ್ನು 60ರಲ್ಲಿ ನಿಲ್ಲಿಸಿ ಓಡಿಸಿ. ಒಂದು ಕಲ್ಲಿನಿಂದ ಇನ್ನೊಂದಕ್ಕೆ 60 ಸೆಕೆಂಡ್ ಆದರೆ ಮೀಟರ್ ಸರಿ. 50 ಸೆಕೆಂಡೇ ಆದರೆ? 3600ನ್ನು 50ರಿಂದ ಭಾಗಿಸಿ. 72 ಬಂತು. ಲಾರಿ 72ರಲ್ಲಿ ಓಡುತ್ತಿದೆ, ಮುಳ್ಳು 60 ಎನ್ನುತ್ತಿದೆ. ಒಂದೇ ಕಲ್ಲು ನಂಬಬೇಡಿ. ಕಲ್ಲು ನೆಟ್ಟವರೂ ಮನುಷ್ಯರೇ. ಐದು ಕಿಲೋಮೀಟರ್ ನೋಡಿ.

ಲೆಕ್ಕ ಮಾಡಿ: ಮುಳ್ಳು 50 ತೋರಿಸುತ್ತಿದೆ. ಒಂದು ಕಿಲೋಮೀಟರ್ ದಾಟಲು 90 ಸೆಕೆಂಡ್ ಹಿಡಿಯಿತು. ಲಾರಿಯ ನಿಜವಾದ ವೇಗ ಎಷ್ಟು? ಸೆನ್ಸರ್ ಹೆಚ್ಚು ಪಲ್ಸ್ ಕೊಡುತ್ತಿದೆಯೋ, ಕಡಿಮೆ ಕೊಡುತ್ತಿದೆಯೋ?