ನಿವೃತ್ತ ದಂಪತಿಗಳ ಹಣದ ಲೆಕ್ಕ

ನಮ್ಮ ಹಳ್ಳಿಗಳಿಂದ ಹೊರಟು ಬೆಂಗಳೂರಿನಲ್ಲಿ ಮೂವತ್ತು ನಾಲ್ವತ್ತು ವರುಷ ದುಡಿದು, ಈಗ ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳಲ್ಲಿ ವೃದ್ಧಾಪ್ಯವನ್ನು ಕಳೆಯುವವರು ಅನೇಕರಿದ್ದಾರೆ. ಅಂಥ ಮನೆಗಳಲ್ಲಿ ಬ್ಯಾಂಕಿಗೂ ಅಂಚೆ ಕಚೇರಿಗೂ ಹೋಗಿ ಬರುವವನು ಗಂಡನೇ; ಹೆಂಡತಿಯಾದರೋ ಹಣವು ಎಲ್ಲಿದೆ, ಎಷ್ಟಿದೆ ಎಂಬದನ್ನು ಕೇಳಿದವಳೇ ಅಲ್ಲ. ಆತನು ತೀರಿಹೋದ ಮೇಲೆ ಆಕೆಯು ಬೀರುವಿನ ಕಾಗದಗಳನ್ನು ಹರವಿಕೊಂಡು ಕೂತಿರುವದನ್ನು ನಾವು ಕಂಡಿದ್ದೇವೆ. ಹಳ್ಳಿಯಲ್ಲಿ ಪಿಂಚಣಿ ಪಡೆಯುವ ಉಪಾಧ್ಯಾಯರ ಮನೆಯಲ್ಲಿಯೂ ಸಂಗತಿಯು ಬೇರೆಯಲ್ಲ. ಆದಕಾರಣ ಈ ಪಾಠವನ್ನು ದಂಪತಿಗಳಿಬ್ಬರೂ ಕೂಡಿ ಓದತಕ್ಕದ್ದು.

ಮೊದಲು ತಿಳಿಯತಕ್ಕದ್ದೇನಂದರೆ, ಮನೆಯಲ್ಲಿ ಗಂಡಹೆಂಡರ ಗಂಟು ಒಂದೇ ಆಗಿದ್ದಾಗ್ಯೂ ಆದಾಯ ತೆರಿಗೆಯ ಕಾನೂನಿಗೆ ಅವರು ಇಬ್ಬರು. ಅಮೇರಿಕ ದೇಶದಲ್ಲಿ ಇಬ್ಬರೂ ಕೂಡಿ ಒಂದೇ ಲೆಕ್ಕವನ್ನು ಒಪ್ಪಿಸಬಹುದು, ನಮ್ಮಲ್ಲಿ ಹಾಗಿಲ್ಲ.

ದೃಷ್ಟಾಂತಕ್ಕಾಗಿ ಜಯನಗರದಲ್ಲಿ 66 ವಯಸ್ಸಿನ ಗಂಡನೂ 62 ವಯಸ್ಸಿನ ಹೆಂಡತಿಯೂ ಇದ್ದಾರೆಂದೂ, ಗಂಡನಿಗೆ ಭವಿಷ್ಯನಿಧಿಯಿಂದಲೂ ಗ್ರಾಚ್ಯುಟಿಯಿಂದಲೂ 50 ಲಕ್ಷ ರೂಪಾಯಿ ಬಂದಿದೆ ಎಂದೂ ಇಟ್ಟುಕೊಳ್ಳೋಣ. ಅಂಚೆ ಕಚೇರಿಯಲ್ಲಿಯೂ ಬ್ಯಾಂಕುಗಳಲ್ಲಿಯೂ ನಡೆಯುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬನು ಇಡಬಹುದಾದ ಮೊತ್ತವು 2023ರ ಏಪ್ರಿಲಿನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಬಡ್ಡಿಯು 2025ರಲ್ಲಿ ವರುಷಕ್ಕೆ ನೂರಕ್ಕೆ 8.2 ಇತ್ತು, ಇಟ್ಟ ದಿವಸದ ದರವೇ ಐದು ವರುಷ ನಿಲ್ಲುವದು. ಜಂಟಿ ಖಾತೆಯಾದಾಗ್ಯೂ ಹಣವೆಲ್ಲಾ ಮೊದಲನೇ ಹೆಸರಿನವನದೆಂದೇ ಎಣಿಸಲ್ಪಡುವದು. ಆದುದರಿಂದ ಆತನು ತನ್ನ ಹೆಸರಿನಲ್ಲಿ 30 ಲಕ್ಷವನ್ನು ಇಟ್ಟು, ಮಿಕ್ಕ 20 ಲಕ್ಷವನ್ನು ಹೆಂಡತಿಗೆ ಕೊಟ್ಟು ಆಕೆಯ ಹೆಸರಿನಲ್ಲಿ ಇಡಿಸಿದರೆ, ಮೂರು ತಿಂಗಳಿಗೊಮ್ಮೆ ಆತನಿಗೆ 61,500, ಆಕೆಗೆ 41,000 ರೂಪಾಯಿ ಬರುವದು.

ಇಲ್ಲಿ ಅನೇಕರು ಎಡವುತ್ತಾರೆ. ಹೆಂಡತಿಯ ಹೆಸರಿಗೆ ಹಾಕಿದ್ದರಿಂದ ತೆರಿಗೆಯು ಹಂಚಿಹೋಯಿತು ಅನ್ನುತ್ತಾರೆ. ಹಾಗಲ್ಲ. ಗಂಡನು ಸುಮ್ಮನೆ ಕೊಟ್ಟ ಹಣದಿಂದ ಹುಟ್ಟುವ ಬಡ್ಡಿಯು ಗಂಡನ ಆದಾಯದಲ್ಲಿಯೇ ಕೂಡಿಸಲ್ಪಡುವದು. ಆಕೆಯು ಆ ಬಡ್ಡಿಯನ್ನು ಉಳಿಸಿ ಬೇರೆ ಕಡೆಯಲ್ಲಿ ಇಟ್ಟರೆ, ಅದರಿಂದ ಬರುವ ಬಡ್ಡಿಯು ಮಾತ್ರ ಆಕೆಯ ಲೆಕ್ಕಕ್ಕೆ ಸೇರುವದು. ಆದರೂ ಹೆದರಬೇಕಾದದ್ದಿಲ್ಲ. ಆತನ ಪಿಂಚಣಿಯು ವರುಷಕ್ಕೆ 3,60,000 ಇದ್ದರೆ, ಅದರಲ್ಲಿ 75,000 ಕಳೆದು, ಎರಡೂ ಖಾತೆಗಳ ಬಡ್ಡಿ 4,10,000 ಕೂಡಿಸಲು, 6,95,000 ಆಗುವದು. 2025ರ ಏಪ್ರಿಲಿನಿಂದ ಹೊಸ ಪದ್ಧತಿಯಲ್ಲಿ ಇಂಥ ಆದಾಯವು 12 ಲಕ್ಷದವರೆಗೆ ಇದ್ದರೆ ರಿಯಾಯಿತಿಯ ಮೂಲಕ ತೆರಿಗೆಯಿಲ್ಲ; 4 ಲಕ್ಷ ಮೀರಿದವರು ರಿಟರ್ನನ್ನು ಮಾತ್ರ ಸಲ್ಲಿಸಲೇಬೇಕು. ಹಿರಿಯರ ಬಡ್ಡಿಯು ಒಂದು ಬ್ಯಾಂಕಿನಲ್ಲಿ ವರುಷಕ್ಕೆ 1 ಲಕ್ಷ ಮೀರಿದರೆ ನೂರಕ್ಕೆ 10ರಂತೆ ಮೊದಲೇ ಹಿಡಿಯುವರು. ಬಹುಕಾಲ 15ಎಚ್ ಎಂದು ಕರೆಯಲ್ಪಟ್ಟ ಘೋಷಣಾಪತ್ರವನ್ನು ಏಪ್ರಿಲಿನಲ್ಲಿಯೇ ಕೊಟ್ಟರೆ ಹಿಡಿಯುವದಿಲ್ಲ.

ಹಾಗಾದರೆ ಹೆಂಡತಿಗೆ ಬೇರೆ ಖಾತೆ ಯಾಕೆ? ತೆರಿಗೆಯ ಲೆಕ್ಕದಲ್ಲಿ ಬಡ್ಡಿಯು ಗಂಡನದಾದಾಗ್ಯೂ ಅಸಲು ಆಕೆಯ ಸ್ವಂತದ್ದು. ಗಂಡನು ಸತ್ತರೂ ಅದನ್ನು ತೆಗೆಯಲಿಕ್ಕೆ ಯಾರ ಅಪ್ಪಣೆಯೂ ಬೇಡ. ಗಂಡನ ಹೆಸರಿನ 30 ಲಕ್ಷದ ಸಂಗತಿ ಹಾಗಲ್ಲ. ನಾಮಿನಿಯಾಗಿ ಆಕೆಯ ಹೆಸರಿದ್ದರೆ ಹಣವು ಆಕೆಯ ಕೈಗೆ ಬರುವದು ನಿಜ. ಆದರೆ ನಾಮಿನಿಯು ವಾರಸುದಾರರಿಗೋಸ್ಕರ ಹಣವನ್ನು ಪಡೆಯುವವಳೇ ಹೊರತು ಅದರ ಒಡತಿಯಲ್ಲ. ಉಯಿಲು ಬರೆಯದೆ ಸತ್ತ ಕ್ರೈಸ್ತನಿಗೆ ಮಕ್ಕಳಿದ್ದರೆ, 1925ರ ಭಾರತೀಯ ಉತ್ತರಾಧಿಕಾರ ಕಾನೂನಿನ ಪ್ರಕಾರ ವಿಧವೆಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಎರಡು ಪಾಲು. ಹೀಗೆ 30 ಲಕ್ಷದಲ್ಲಿ ಆಕೆಗೆ ಉಳಿಯುವದು 10 ಲಕ್ಷ. ಗಂಡನ ಹೆಸರಿನಲ್ಲಿರುವ ಮನೆಗೂ ಇದೇ ಲೆಕ್ಕ. ತಾಯಿಯನ್ನು ನೋಡಿಕೊಳ್ಳುವ ಮಕ್ಕಳಾದರೆ ಒಳ್ಳೇದು, ಆದರೆ ಎಲ್ಲರೂ ಹಾಗಿರುವದಿಲ್ಲ.

ಆದಕಾರಣ ಉಯಿಲು ಬರೆದಿಡತಕ್ಕದ್ದು. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು; ನೋಂದಣಿ ಕಡ್ಡಾಯವಲ್ಲ. ಆದರೆ ಹತ್ತಿರದಲ್ಲಿದ್ದಾಳೆಂದು ಹೆಂಡತಿಯಿಂದಲೇ ಸಾಕ್ಷಿ ಹಾಕಿಸಬಾರದು. ಯಾಕಂದರೆ ಸಾಕ್ಷಿ ಹಾಕಿದವರಿಗಾಗಲಿ ಅವರ ಗಂಡನಿಗಾಗಲಿ ಹೆಂಡತಿಗಾಗಲಿ ಆ ಉಯಿಲಿನಲ್ಲಿ ಬರೆದದ್ದು ಸಲ್ಲುವದಿಲ್ಲ. ಮಗನಿಗೂ ಪಾಲು ಬರೆದಿದ್ದರೆ ಸೊಸೆಯ ರುಜು ಕೂಡ ಬೇಡ.

1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿ ಪಡೆಯುತ್ತಿದ್ದವನು ಸತ್ತರೆ ಅದರ ಅರ್ಧವು ವಿಧವೆಗೆ ಸಲ್ಲುವದು. ಆದರೆ ಅದು ತಾನಾಗಿ ಮನೆಗೆ ಬರುವದಿಲ್ಲ, ಮರಣಪತ್ರದೊಂದಿಗೆ ಆಕೆಯೇ ಅರ್ಜಿ ಕೊಡಬೇಕು. ಪಿಂಚಣಿ ಆದೇಶದ ನಂಬರನ್ನೂ ಪ್ರತಿಯೊಂದು ಖಾತೆಯ ನಂಬರನ್ನೂ ಒಂದು ಪುಸ್ತಕದಲ್ಲಿ ಆಕೆಯ ಕೈಯಿಂದಲೇ ಬರೆಯಿಸಿರಿ. ಬರುವ ಸಾರಿ ಬಡ್ಡಿ ತೆಗೆಯಲು ಹೋಗುವಾಗ ಆಕೆಯನ್ನೂ ಕರಕೊಂಡು ಹೋಗಿರಿ.