ಮಲೆನಾಡಿನ ಹೋಂಸ್ಟೇ: ಹೊರಡುವ ಮುನ್ನ, ಉಳಿದುಕೊಂಡ ಮೇಲೆ

ಕಾಫಿ ತೋಟದ ನಡುವಿನ ಮನೆಯಲ್ಲಿ ಮೊದಲ ದಿನ ಘಾಟಿ ಹತ್ತಿದ ಆಯಾಸ ಇಳಿಸಿಕೊಳ್ಳುವುದರಲ್ಲೇ ಮುಗಿಯುತ್ತದೆ. ಸುಖ ಸಿಗುವುದು ಎರಡನೆಯ ದಿನ. ಆದ್ದರಿಂದ ಜಾಗ ಹುಡುಕುವ ಮೊದಲೇ ರಜೆ ನೋಡಿಕೊಳ್ಳಿ. ಒಂದೇ ಮನೆಯಲ್ಲಿ ಕನಿಷ್ಠ ಎರಡು ರಾತ್ರಿ ಇರಿ, ಸಾಧ್ಯವಾದರೆ ಶನಿವಾರ, ಭಾನುವಾರ ಬಿಟ್ಟು.

ಚಿಕ್ಕಮಗಳೂರಿರಲಿ, ಸಕಲೇಶಪುರವಿರಲಿ, ಕೊಡಗಿರಲಿ, ಹೋಗುವ ಕಾಲವನ್ನು ಕಾಫಿ ಗಿಡವೇ ಹೇಳುತ್ತದೆ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿ, ಅದರ ಹಿಂದೆಯೇ ರೊಬಸ್ಟಾ. ಆಗ ಕಣದ ತುಂಬ ಹಣ್ಣು ಒಣಗುತ್ತಿರುತ್ತದೆ, ಮನೆಯವರಿಗೆ ಪುರುಸೊತ್ತು ಕಡಿಮೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಆ ಪರಿಮಳ ಉಳಿಯುವುದು ಮೂರ್ನಾಲ್ಕು ದಿನ. ಇದಕ್ಕೆ ಮುಂಗಡ ತಾರೀಖು ಸಾಧ್ಯವಿಲ್ಲ. ಮನೆಯವರಿಗೆ ಹೇಳಿಟ್ಟು, ಮಳೆ ಬಿದ್ದ ಸುದ್ದಿ ಬಂದರೆ ಹೊರಡಲು ಸಿದ್ಧರಿರಬೇಕು. ನನ್ನನ್ನು ಕೇಳಿದರೆ, ವರ್ಷಕ್ಕೆ ಒಂದೇ ಸಲ ಹೋಗುವುದಾದರೆ ಆಗಲೇ ಹೋಗಬೇಕು.

ಮಳೆಗಾಲದ ಆಸೆಯೂ ದೊಡ್ಡದೇ. ಪತ್ರೊಡೆ, ಕಳಲೆ ಪಲ್ಯ ಸಿಗುವುದು ಆಗಲೇ. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಮರೆಯಬಾರದು. ಗುಡ್ಡ ಕಡಿದು, ನೇರ ಇಳಿಜಾರಿನ ಬುಡದಲ್ಲಿ ಎಬ್ಬಿಸಿದ ಕಟ್ಟಡವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಟ್ಟುಬಿಡಿ. ರೆಡ್ ಅಲರ್ಟ್ ಇದ್ದರೆ ಪ್ರವಾಸವನ್ನೇ ಮುಂದೂಡಿ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳ ಸ್ಥಿತಿಯನ್ನು ಹೊರಡುವ ಬೆಳಿಗ್ಗೆ ಮತ್ತೊಮ್ಮೆ ವಿಚಾರಿಸಿ.

ಫೋನಿನಲ್ಲಿ ಕೇಳಬೇಕಾದ್ದು

ಚಿತ್ರ ನೋಡಿ ಹಣ ಕಳಿಸಬೇಡಿ. ಹತ್ತು ನಿಮಿಷ ಮಾತಾಡಿ. ಮನೆಯವರು ಅಲ್ಲೇ ವಾಸ ಇದ್ದಾರೆಯೇ ಎಂಬುದೇ ಮೊದಲ ಪ್ರಶ್ನೆ. ಮಾಲೀಕರು ಬೆಂಗಳೂರಿನಲ್ಲಿದ್ದು ಕೆಲಸದವರ ಮೇಲೆ ಬಿಟ್ಟ ಜಾಗಕ್ಕೂ, ಮನೆಯೊಡತಿ ತಾನೇ ರೊಟ್ಟಿ ತಟ್ಟುವ ಮನೆಗೂ ಬಹಳ ಅಂತರ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದೂ ಕೇಳಿ. ನೋಂದಾಯಿಸಿದವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ದರ ತಲೆಗೋ ಕೋಣೆಗೋ, ಯಾವ ಊಟ ಸೇರಿದೆ, ಕೊನೆಯ ಮಣ್ಣಿನ ದಾರಿಯಲ್ಲಿ ಸಣ್ಣ ಕಾರು ಇಳಿಯುತ್ತದೆಯೇ, ಜೀಪಾದರೆ ಬಾಡಿಗೆ ಯಾರದು, ರಾತ್ರಿ ಪಾರ್ಟಿ ಗುಂಪುಗಳು ಬರುತ್ತವೆಯೇ, ಇವನ್ನೆಲ್ಲ ಬಾಯಿಬಿಟ್ಟು ಕೇಳಿ, ಒಪ್ಪಿದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರು ಜೊತೆಗಿದ್ದರೆ ಮೊದಲೇ ತಿಳಿಸಿ. ಅವರ ವಿವರವನ್ನು ಮನೆಯವರು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕಾಗುತ್ತದೆ.

ಸ್ನಾನದ ನೀರು ಕಾಯುವುದು ಹೇಗೆ ಎಂದು ಕೇಳುವವರು ಕಡಿಮೆ, ಕೇಳಲೇಬೇಕಾದ ಪ್ರಶ್ನೆ ಇದು. ಹಂಡೆ ಒಲೆಯಿದ್ದರೆ ಅದೃಷ್ಟ: ಬಚ್ಚಲಲ್ಲಿ ಕಟ್ಟಿಗೆಯ ಹೊಗೆ ವಾಸನೆ, ತಾಮ್ರದ ಚೊಂಬು, ಬೆನ್ನು ಸುಡುವಷ್ಟು ಬಿಸಿ ನೀರು. ಗ್ಯಾಸ್ ಗೀಸರ್ ಆದರೆ ಎಚ್ಚರ. ಗಾಳಿಯಾಡದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ಹೋಗುವುದು ಗೊತ್ತೇ ಆಗುವುದಿಲ್ಲ. ಗೀಸರ್ ಬಚ್ಚಲಿನ ಹೊರಗೆ, ಬಯಲಿನಲ್ಲಿ ಇರಬೇಕು. ಒಳಗೇ ಇದ್ದರೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಕಿಟಕಿ ತೆರೆದು ಗಾಳಿ ಆಡಿದ ಮೇಲಷ್ಟೇ ಸ್ನಾನಕ್ಕೆ ಹೋಗಿ. ಮಕ್ಕಳಿದ್ದರೆ ಆ ಮನೆಯೇ ಬೇಡ.

ಅಲ್ಲಿಗೆ ಹೋದ ಮೇಲೆ

ಹಗಲಿರುವಾಗಲೇ ತಲುಪಿ. ಒಳದಾರಿಯಲ್ಲಿ ನೆಟ್‌ವರ್ಕ್ ಇರದು, ಹಾಗಾಗಿ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ. ಟಾರ್ಚ್, ಸ್ವೆಟರ್, ನಿತ್ಯದ ಮಾತ್ರೆ, ಒಂದಿಷ್ಟು ನಗದು ಇರಲಿ.

ಊಟದ ವಿಷಯವನ್ನು ಹಿಂದಿನ ದಿನವೇ ಹೇಳಿ. ಪೇಟೆ ದೂರ, ಅಡುಗೆಮನೆಯಲ್ಲಿ ಇರುವವರು ಇಬ್ಬರೋ ಮೂವರೋ. ಹೋಟೆಲಿನ ಪಟ್ಟಿ ಹಿಡಿದು ಕೇಳುವ ಬದಲು "ನೀವು ಉಣ್ಣುವುದನ್ನೇ ನಮಗೂ ಹಾಕಿ" ಎಂದರೆ ಕಡುಬು, ಅಕ್ಕಿರೊಟ್ಟಿ, ತಂಬುಳಿ, ಕೊಡಗಾದರೆ ನೂಪುಟ್ಟು, ಪಂದಿಕರಿ ಎಲೆಗೆ ಬರುತ್ತವೆ.

ಮಳೆಗಾಲದಲ್ಲಿ ತೋಟ ಸುತ್ತುವಾಗ ಇಂಬಳ ಹತ್ತುವುದು ಖಂಡಿತ. ತರಗೆಲೆಯ ಮೇಲೆ ನೂಲಿನೆಳೆಯಷ್ಟು ಸಣ್ಣ ಹುಳು ಹಿಂಬದಿ ಊರಿ ನಿಂತು, ತಲೆಯನ್ನು ಅತ್ತಿತ್ತ ಆಡಿಸುತ್ತ ಕಾಲು ಬರುವುದನ್ನೇ ಕಾಯುತ್ತದೆ. ಉದ್ದ ಕಾಲುಚೀಲದೊಳಗೆ ಪ್ಯಾಂಟಿನ ಅಂಚು ಸೇರಿಸಿ, ಚೀಲಕ್ಕೆ ಉಪ್ಪುನೀರು ಇಲ್ಲವೇ ಹೊಗೆಸೊಪ್ಪಿನ ನೀರು ಸವರಿ. ಕಚ್ಚಿದ್ದನ್ನು ಕಿತ್ತೆಳೆಯಬೇಡಿ, ಅಂಚಿಗೆ ಉಗುರು ತಾಗಿಸಿ ಜಾರಿಸಿ. ರಕ್ತ ಸ್ವಲ್ಪ ಹೊತ್ತು ಜಿನುಗುತ್ತದೆ, ಗಾಬರಿ ಬೇಡ.

ಗಾಬರಿಪಡಬೇಕಾದ್ದು ಉಣ್ಣೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣ್ಣೆಯಿಂದಲೇ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಕಾಲಿಡಬೇಡಿ. ಹಿಂತಿರುಗಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ಹೇಳಿ. ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಆನೆಗಳ ಓಡಾಟವಿದೆ. ಕತ್ತಲಾದ ಮೇಲೆ ಅಂಗಳ ದಾಟಬೇಡಿ, ಮನೆಯವರು "ಇವತ್ತು ಆ ಕಡೆ ಬೇಡ" ಎಂದರೆ ವಾದಿಸಬೇಡಿ.

ಹೊರಡುವಾಗ ಕಾಫಿಪುಡಿ, ಕಾಳುಮೆಣಸು, ಜೇನು ಇದ್ದರೆ ಮನೆಯವರಿಂದಲೇ ಕೊಳ್ಳಿ. ಚಿಕೋರಿ ಬೆರೆಸಿಲ್ಲದ ಪುಡಿ ಬೇಕೆಂದು ಕೇಳಿ. ತೋಟಕ್ಕೆ ಕಸದ ಗಾಡಿ ಬರುವುದಿಲ್ಲ. ನೀವು ತಂದ ಬಾಟಲಿ, ಚಿಪ್ಸ್ ಪೊಟ್ಟಣ, ಮಕ್ಕಳ ಡೈಪರ್ ಎಲ್ಲವನ್ನೂ ಚೀಲಕ್ಕೆ ಹಾಕಿ ಕಾರಿನಲ್ಲೇ ಊರಿಗೆ ಒಯ್ಯಿರಿ.