ಬೆಲ್ವ್ಯೂನಲ್ಲಿ ಪೊಲೀಸರು ಕರೆದೊಯ್ದವರನ್ನು ಹುಡುಕುವುದು, ನೋಡಲು ಹೋಗುವುದು

ಬೆಲ್ವ್ಯೂ ಪೊಲೀಸರು ನಿಮ್ಮ ಮನೆಯವರನ್ನೋ ಸ್ನೇಹಿತರನ್ನೋ ಕರೆದೊಯ್ದರೆ, ಊರಿನ ಅಭ್ಯಾಸದಂತೆ ನಾಲ್ಕು ಜನ ಸೇರಿ ಠಾಣೆಯ ಮುಂದೆ ಹೋಗಿ ನಿಲ್ಲುವುದರಿಂದ ಪ್ರಯೋಜನವಿಲ್ಲ. ಠಾಣೆ ಇರುವುದು ಸಿಟಿ ಹಾಲ್ ಕಟ್ಟಡದಲ್ಲಿ. ನೀವು ತಲುಪುವಷ್ಟರಲ್ಲಿ ಅವರನ್ನು ಜೈಲಿಗೆ ಸಾಗಿಸಿರಬಹುದು, ಮತ್ತು ಬೆಲ್ವ್ಯೂ ನಗರಕ್ಕೆ ತನ್ನದೇ ಜೈಲಿಲ್ಲ. ಸಾಹೇಬರ ಹತ್ತಿರ ಮಾತಾಡಿ ಬಿಡಿಸಿಕೊಂಡು ಬರುವ ದಾರಿಯೂ ಇಲ್ಲಿಲ್ಲ. ಆದರೆ ಯಾರನ್ನು ಎಲ್ಲಿ ಇಟ್ಟಿದ್ದಾರೆ ಎಂಬುದನ್ನು ಯಾರ ಪರಿಚಯವೂ ಇಲ್ಲದೆ ಮನೆಯಲ್ಲೇ ಕೂತು ಕಂಡುಕೊಳ್ಳಬಹುದು. ವಾಷಿಂಗ್ಟನ್ ರಾಜ್ಯದ ಕಾನೂನಿನಂತೆ ಪ್ರತಿ ಜೈಲೂ ಒಂದು ರಿಜಿಸ್ಟರ್ ಇಡಬೇಕು. ಒಳಗೆ ಬಂದವರ ಹೆಸರು, ಬಂದ ದಿನ, ಹೊತ್ತು, ಕಾರಣ, ಹೊರಗೆ ಹೋದದ್ದು ಯಾವಾಗ, ಹೇಗೆ, ಇಷ್ಟು ಅದರಲ್ಲಿರುತ್ತದೆ. ಅದನ್ನು ಯಾರು ಬೇಕಾದರೂ ನೋಡಬಹುದು.

ಹುಡುಕುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಹಿಡಿದದ್ದು ಎಲ್ಲಿ? ಅವರ ಮನೆ ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 39 ಕೌಂಟಿಗಳಿವೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಎಂದುಕೊಳ್ಳಿ. ಯಾವ ಕೌಂಟಿಯ ನೆಲದಲ್ಲಿ ಬಂಧನವಾಯಿತೋ ಸಾಮಾನ್ಯವಾಗಿ ಆ ಕಡೆಯ ಜೈಲೇ. ಬೆಲ್ವ್ಯೂ ಇರುವುದು ಕಿಂಗ್ ಕೌಂಟಿಯಲ್ಲಿ. ಈ ಕೌಂಟಿಗೆ ದೊಡ್ಡವರ ಜೈಲು ಎರಡು: ಒಂದು ಸಿಯಾಟಲ್ ಪೇಟೆಯ ನಡುವೆ ಫಿಫ್ತ್ ಅವೆನ್ಯೂನಲ್ಲಿ, ಇನ್ನೊಂದು ಕೆಂಟ್ ಊರಿನ ಮಾಲೆಂಗ್ ರೀಜನಲ್ ಜಸ್ಟಿಸ್ ಸೆಂಟರಿನಲ್ಲಿ. ಇವೆರಡಕ್ಕೂ ಸೇರಿ ಕೌಂಟಿಯ ಜಾಲತಾಣದಲ್ಲಿ ಕೈದಿಗಳನ್ನು ಹುಡುಕುವ ಒಂದೇ ಪುಟವಿದೆ. ಅಲ್ಲಿ ಸಿಗದಿದ್ದರೆ ಡೆ ಮೊಯಿನ್ಸ್ ಊರಿನ ಸ್ಕೋರ್ ಜೈಲನ್ನು ನೋಡಿ. ಆಬರ್ನ್, ರೆಂಟನ್, ಟಕ್ವಿಲಾ ಮುಂತಾದ ನಗರಗಳು ಸೇರಿ ನಡೆಸುವ ಜೈಲು ಅದು. ಕಿರ್ಕ್‌ಲೆಂಡ್, ಇಸಕ್ವಾ ಊರುಗಳಲ್ಲಿ ನಗರದ ಚಿಕ್ಕ ಜೈಲುಗಳಿವೆ.

ಈಗ ಇನ್ನೊಂದು ಸಂದರ್ಭ ನೋಡೋಣ. ಶನಿವಾರ ಗೆಳೆಯರು ಐ-90 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಡುತ್ತಾರೆ. ಸ್ನೊಕ್ವಾಲ್ಮಿ ಘಟ್ಟ ದಾಟಿದರೆ ಕಿಂಗ್ ಕೌಂಟಿ ಮುಗಿದು ಕಿಟಿಟಾಸ್ ಕೌಂಟಿ ಶುರು. ಅಲ್ಲಿ ಸ್ಟೇಟ್ ಪೆಟ್ರೋಲ್‌ನವರು ಕಾರು ನಿಲ್ಲಿಸಿ, ಕುಡಿದು ಓಡಿಸಿದ್ದಾರೆ ಎಂದು ಒಬ್ಬರನ್ನು ಬಂಧಿಸಿದರೆ, ಅವರು ಹೋಗುವುದು ಎಲೆನ್ಸ್‌ಬರ್ಗ್ ಊರಿನ ಜೈಲಿಗೆ. ಅದು ಬೆಲ್ವ್ಯೂನಿಂದ ನೂರು ಮೈಲಿಯಷ್ಟು ದೂರ. ಮನೆಯವರು ರಾತ್ರಿಯೆಲ್ಲ ಸಿಯಾಟಲ್‌ನ ಪಟ್ಟಿಯಲ್ಲಿ ಹುಡುಕಿದರೆ ಹೆಸರು ಸಿಗುವುದಾದರೂ ಹೇಗೆ? ಹಾಗೆಯೇ ಲೆವನ್‌ವರ್ತ್ ನೋಡಲು ಹೋದಾಗ ಬಂಧನವಾದರೆ ಶೆಲಾನ್ ಕೌಂಟಿ, ಜೈಲು ವೆನಾಚಿಯಲ್ಲಿ. ಟ್ಯೂಲಿಪ್ ತೋಟಗಳ ಕಡೆಯಾದರೆ ಸ್ಕಾಜಿಟ್ ಕೌಂಟಿ, ಜೈಲು ಮೌಂಟ್ ವರ್ನನ್‌ನಲ್ಲಿ.

ಈ ಹಳ್ಳಿಗಾಡಿನ ಕೌಂಟಿಗಳಲ್ಲಿ ಜೈಲು ಶೆರಿಫ್ ಕೈಯಲ್ಲಿರುವುದೇ ಹೆಚ್ಚು. ಒಳಗಿರುವವರ ಪಟ್ಟಿಯನ್ನು ಶೆರಿಫ್ ಕಚೇರಿಯ ಜಾಲತಾಣದಲ್ಲಿ ಹುಡುಕಿ. ಸಿಗದಿದ್ದರೆ ಫೋನ್ ಮಾಡಿ, ಒಬ್ಬ ಮನುಷ್ಯ ಎತ್ತಿಕೊಂಡು ನೇರವಾಗಿ ಉತ್ತರ ಕೊಡುವ ಸಾಧ್ಯತೆ ದೊಡ್ಡ ಜೈಲಿಗಿಂತ ಇಲ್ಲಿ ಹೆಚ್ಚು. ಆದರೆ ಸಿಬ್ಬಂದಿ ಕಡಿಮೆ, ಭೇಟಿಯ ದಿನಗಳೂ ಕಡಿಮೆ. ಚಳಿಗಾಲದಲ್ಲಿ ಹಿಮ ಬಿದ್ದು ಘಟ್ಟದ ರಸ್ತೆ ಮುಚ್ಚುವುದೂ ಉಂಟು. ಹೊರಡುವ ಮುನ್ನ ಜೈಲಿಗೂ ಫೋನ್ ಮಾಡಿ, ರಸ್ತೆಯ ಸ್ಥಿತಿಯನ್ನೂ ನೋಡಿಕೊಳ್ಳಿ.

ಕನ್ನಡಿಗರು ಹೆಚ್ಚು ಎಡವುವುದು ಹೆಸರಿನಲ್ಲಿ. ಇಲ್ಲಿನ ಪಟ್ಟಿಗಳೆಲ್ಲ ಕೊನೆಯ ಹೆಸರನ್ನು ಹಿಡಿದು ನಡೆಯುತ್ತವೆ. ನಮ್ಮಲ್ಲಿ ಕೊನೆಯ ಹೆಸರು ಎಂದರೆ ಒಬ್ಬರಿಗೆ ಅಪ್ಪನ ಹೆಸರು, ಇನ್ನೊಬ್ಬರಿಗೆ ಊರಿನ ಹೆಸರು, ಮತ್ತೊಬ್ಬರಿಗೆ ಏನೂ ಇಲ್ಲ, ಮುಂದೆ ಎರಡು ಇನಿಷಿಯಲ್ ಅಷ್ಟೇ. ಎಲ್ಲರೂ ಮಂಜು ಎಂದು ಕರೆಯುವ ಹುಡುಗ ಜೈಲಿನ ಪಟ್ಟಿಯಲ್ಲಿ ಅಪ್ಪನ ಹೆಸರಾದ ರಾಮಪ್ಪ ಎಂಬುದರ ಕೆಳಗಿರಬಹುದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಕೊನೆಯ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ ಅಚ್ಚಾಗಿರುತ್ತದೆ. ಆದ್ದರಿಂದ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇರುವ ಹಾಗೆಯೇ ಹೆಸರು ಕೊಟ್ಟು ಹುಡುಕಿ, ಆಮೇಲೆ ಹಿಂದುಮುಂದು ಮಾಡಿ ನೋಡಿ. ಹುಟ್ಟಿದ ದಿನ ಕೇಳಿದರೆ ತಿಂಗಳನ್ನು ಮೊದಲು ಹೇಳಿ. ಒಳಗೆ ಹೋದ ಕೂಡಲೇ ಹೆಸರು ಪಟ್ಟಿಗೆ ಬರುವುದಿಲ್ಲ, ಬುಕಿಂಗ್ ಮುಗಿಯಲು ಕೆಲವು ಗಂಟೆ ಹಿಡಿಯುತ್ತದೆ. ಸಿಕ್ಕಿದ ಮೇಲೆ ಅದರಲ್ಲಿರುವ ಬುಕಿಂಗ್ ನಂಬರನ್ನು ಬರೆದಿಟ್ಟುಕೊಳ್ಳಿ. ಮುಂದಿನ ಕೆಲಸಕ್ಕೆಲ್ಲ ಅದೇ ಬೇಕು.

ಪಟ್ಟಿಯಲ್ಲಿ ಆರೋಪ ಬರೆದಿದೆ ಎಂದ ಮಾತ್ರಕ್ಕೆ ಕೋರ್ಟಿನಲ್ಲಿ ಕೇಸು ಹಾಕಿದ್ದಾರೆ ಎಂದಲ್ಲ, ತಪ್ಪು ಮಾಡಿದ್ದಾರೆ ಎಂದಂತೂ ಅಲ್ಲವೇ ಅಲ್ಲ. ಪೊಲೀಸರು ಬಂಧಿಸಿದ ಕಾರಣ ಅದು. ಕೇಸು ಹಾಕುವುದು ಪ್ರಾಸಿಕ್ಯೂಟರ್. ಕೆಲವೊಮ್ಮೆ ಹಾಕುವುದೇ ಇಲ್ಲ. ಇನ್ನು ಕೆಲವು ರಾಜ್ಯಗಳಲ್ಲಿ ಬಂಧಿತರ ಫೋಟೊ ಎಲ್ಲರಿಗೂ ಸಿಗುತ್ತದೆ, ವಾಷಿಂಗ್ಟನ್‌ನಲ್ಲಿ ಜೈಲಿನವರು ಫೋಟೊ ಹಂಚುವುದಿಲ್ಲ. ಈ ಸಂಯಮವನ್ನು ನಾವೂ ಪಾಲಿಸಬೇಕು ಎಂಬುದು ನನ್ನ ಕೋರಿಕೆ. ಪಕ್ಕದ ಮನೆಯವರ ಹೆಸರು ಕಂಡಿತೆಂದು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ.

ಪೊಲೀಸ್ ವರದಿಯ ಪ್ರತಿ ಬೇಕಾದರೆ ಬೆಲ್ವ್ಯೂ ಪೊಲೀಸರಿಗೆ ಸಾರ್ವಜನಿಕ ದಾಖಲೆಯ ಅರ್ಜಿ ಕೊಡಬಹುದು. 1972ರಲ್ಲಿ ಮತದಾರರೇ ಮತ ಹಾಕಿ ತಂದ ಕಾನೂನಿನ ಬಲ ಅದಕ್ಕಿದೆ. ಐದು ಕೆಲಸದ ದಿನಗಳೊಳಗೆ ಉತ್ತರ ಬರಬೇಕು, ಆದರೆ ಆ ಉತ್ತರ ಇನ್ನಷ್ಟು ಸಮಯ ಬೇಕು ಎಂದಿರಲೂಬಹುದು. ತನಿಖೆ ನಡೆಯುತ್ತಿರುವಾಗ ವಕೀಲರ ಮೂಲಕ ಪಡೆಯುವುದೇ ಸರಿ. ದುಡ್ಡು ಕೇಳುವ ಖಾಸಗಿ ಜಾಲತಾಣಗಳ ತಂಟೆಗೆ ಹೋಗಬೇಡಿ. ನಿಮ್ಮವರು ಜೈಲಿನಲ್ಲಿದ್ದಾರೆ, ಗಿಫ್ಟ್ ಕಾರ್ಡಿನಲ್ಲಿ ಹಣ ಕಳಿಸಿ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ.

ಕೌಂಟಿಯ ಯಾವ ಪಟ್ಟಿಯಲ್ಲೂ ಇಲ್ಲ, ವಲಸೆ ಇಲಾಖೆಯವರು ಹಿಡಿದಿರಬಹುದು ಎಂಬ ಅನುಮಾನವಿದ್ದರೆ ಹುಡುಕುವ ಜಾಗವೇ ಬೇರೆ. ಅವರನ್ನು ಟಕೋಮಾದ ವಲಸೆ ಬಂಧನ ಕೇಂದ್ರದಲ್ಲಿ ಇಟ್ಟಿರಬಹುದು. ಐಸ್ ಎಂದು ಕರೆಯುವ ಆ ವಲಸೆ ಇಲಾಖೆಯ ಪಟ್ಟಿಯಲ್ಲಿ ಹೆಸರು ಮತ್ತು ಹುಟ್ಟಿದ ದೇಶ ಕೊಟ್ಟು ಹುಡುಕಬೇಕು. ಅಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೂ ಸಿಗುವುದಿಲ್ಲ.

ಇರುವ ಜಾಗ ಗೊತ್ತಾದ ಮೇಲೆ ಮೊದಲು ಕ್ರಿಮಿನಲ್ ವಕೀಲರನ್ನು ಹಿಡಿಯಿರಿ. ನಾಚಿಕೆಯಿಂದ ಎರಡು ದಿನ ಬಾಗಿಲು ಹಾಕಿಕೊಂಡು ಕೂತರೆ ನಷ್ಟ ಒಳಗಿರುವವರಿಗೆ. ಬಂಧಿತರನ್ನು ಮುಂದಿನ ಕೋರ್ಟ್ ದಿನ ಮುಗಿಯುವುದರೊಳಗೆ ನ್ಯಾಯಾಧೀಶರ ಮುಂದೆ ತರಬೇಕು, ಮತ್ತು ಬೇಲ್ ಮೊತ್ತ ಸಾಮಾನ್ಯವಾಗಿ ನಿರ್ಧಾರವಾಗುವುದು ಅಲ್ಲೇ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಸರ್ಕಾರವೇ ಪಬ್ಲಿಕ್ ಡಿಫೆಂಡರ್ ಒಬ್ಬರನ್ನು ಕೊಡುತ್ತದೆ. ಇಂಗ್ಲಿಷ್ ಸರಿಯಾಗಿ ಬಾರದವರು ಕೋರ್ಟಿನಲ್ಲಿ ದುಭಾಷಿಯನ್ನು ಕೇಳಬಹುದು, ಕನ್ನಡಕ್ಕೂ. ವೀಸಾದ ಮೇಲಿರುವವರು ವಕೀಲರಿಗೆ ಅದನ್ನು ಮೊದಲ ಮಾತಿನಲ್ಲೇ ಹೇಳಬೇಕು. ತಪ್ಪೊಪ್ಪಿಗೆಯಿಂದ ವಲಸೆಯ ಮೇಲೆ ಏನು ಪರಿಣಾಮವಾಗುತ್ತದೆ ಎಂಬುದನ್ನು ವಕೀಲರು ತಿಳಿಸಬೇಕು ಎಂದು 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಡಿಲಾ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಬಂಧಿತರು ಭಾರತೀಯ ಪ್ರಜೆಯಾದರೆ ಭಾರತದ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳುವ ಹಕ್ಕೂ ಅವರಿಗಿದೆ. ಭಾರತೀಯರ ವಿಷಯದಲ್ಲಿ ಕೇಳದೆ ತಾವಾಗಿ ತಿಳಿಸುವ ಕಟ್ಟುಪಾಡು ಪೊಲೀಸರಿಗಿಲ್ಲ, ಅದರಿಂದ ಬಾಯಿಬಿಟ್ಟು ಕೇಳಬೇಕು. ಕಾನ್ಸುಲೇಟ್ ಈಗ ಸಿಯಾಟಲ್‌ನಲ್ಲೇ ಇದೆ.

ಬೇಲ್ ಹಣವನ್ನು ಪೂರ್ತಿ ಕಟ್ಟಿದರೆ, ಕೋರ್ಟಿಗೆ ತಪ್ಪದೆ ಹಾಜರಾದವರಿಗೆ ಕೇಸು ಮುಗಿದ ಮೇಲೆ ವಾಪಸು ಬರುತ್ತದೆ. ಬಾಂಡ್ ಕಂಪನಿಯ ಮೂಲಕ ಹೋದರೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಕೊಡಬೇಕು, ಆ ಹತ್ತು ಮತ್ತೆ ಬಾರದು.

ಜೈಲಿನಿಂದ ಅವರು ಫೋನ್ ಮಾಡಬಹುದು, ನೀವು ಅವರಿಗೆ ಮಾಡಲಾಗುವುದಿಲ್ಲ. ಅಪರಿಚಿತ ನಂಬರ್ ಎಂದು ಕರೆಯನ್ನು ಕತ್ತರಿಸಬೇಡಿ. ವಕೀಲರ ಜೊತೆಗಿನ ಮಾತು ಬಿಟ್ಟು ಉಳಿದ ಕರೆಗಳು ರೆಕಾರ್ಡ್ ಆಗುತ್ತವೆ, ಪ್ರಾಸಿಕ್ಯೂಟರ್ ಅದನ್ನು ಕೋರ್ಟಿನಲ್ಲಿ ಬಳಸಬಹುದು. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ ಬೇಡ, ಅನುವಾದಿಸುವವರು ಸಿಗುತ್ತಾರೆ. "ಏನಾಯ್ತೋ, ಯಾಕೋ ಹೀಗೆ ಮಾಡ್ಕೊಂಡೆ?" ಎಂದು ಅಮ್ಮ ಕೇಳುವುದು ಸಹಜ. ಆ ಪ್ರಶ್ನೆಯನ್ನೇ ಕೇಳಬಾರದು ಎಂದು ಅವರಿಗೆ ಮೊದಲೇ ತಿಳಿಸಿ ಹೇಳಿ. ಊಟ ಮಾಡಿದೆಯಾ, ಮಾತ್ರೆ ಕೊಟ್ಟರಾ, ವಕೀಲರು ಬರುತ್ತಾರೆ, ಇಷ್ಟು ಸಾಕು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರಾದರೆ ಔಷಧದ ಹೆಸರು, ಪ್ರಮಾಣ, ವೈದ್ಯರ ನಂಬರನ್ನು ಜೈಲಿನ ಆರೋಗ್ಯ ವಿಭಾಗಕ್ಕೆ ನೀವೇ ಫೋನ್ ಮಾಡಿ ತಿಳಿಸಿ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಭೇಟಿಗೆ ಮುಂಚೆಯೇ ಹೆಸರು ನೋಂದಾಯಿಸಿ ಸಮಯ ಗೊತ್ತು ಮಾಡಿಕೊಳ್ಳಬೇಕಾಗಬಹುದು. ಕೆಲವು ಕಡೆ ಗಾಜಿನ ಆಚೆ ಈಚೆ ಕೂತು ಫೋನಿನಲ್ಲಿ ಮಾತು, ಕೆಲವು ಕಡೆ ವಿಡಿಯೊ ಮಾತ್ರ. ನಿಯಮ ಆಗಾಗ ಬದಲಾಗುತ್ತದೆ, ಹಿಂದಿನ ದಿನ ಮತ್ತೆ ವಿಚಾರಿಸಿ. ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ಬೇಕೇ ಬೇಕು. ಊರಿನಿಂದ ಬಂದ ಅತ್ತೆ ಮಾವ ಪಾಸ್‌ಪೋರ್ಟನ್ನೇ ತರಲಿ, ಆಧಾರ್ ಕಾರ್ಡನ್ನು ನಂಬಿ ಹೊರಡಬೇಡಿ. ಮೈ ತುಂಬ ಬಟ್ಟೆ ಇರಲಿ. ಮನೆಯ ಚಿತ್ರಾನ್ನದ ಡಬ್ಬಿ, ದೇವರ ಪ್ರಸಾದ ಯಾವುದನ್ನೂ ಒಳಗೆ ಬಿಡುವುದಿಲ್ಲ. ಅವರ ಖಾತೆಗೆ ಹಣ ಹಾಕಿದರೆ ಒಳಗಿನ ಅಂಗಡಿಯಲ್ಲಿ ತಿಂಡಿ, ಸೋಪು ಕೊಳ್ಳುತ್ತಾರೆ.

ಒಂದು ಸಂದರ್ಭದಲ್ಲಿ ಮಾತ್ರ ಭೇಟಿಯೇ ಅಪರಾಧಕ್ಕೆ ದಾರಿಯಾಗಬಹುದು. ಗಂಡ ಹೆಂಡತಿ ಜಗಳದ ಸದ್ದು ಕೇಳಿ ಪಕ್ಕದವರು 911ಕ್ಕೆ ಕರೆ ಮಾಡುತ್ತಾರೆ. ಹಿಂದಿನ ನಾಲ್ಕು ಗಂಟೆಯೊಳಗೆ ಮನೆಯವರ ಮೇಲೆ ಹಲ್ಲೆಯಾಗಿದೆ ಎಂದು ನಂಬಲು ಕಾರಣ ಕಂಡರೆ ಪೊಲೀಸರು ಬಂಧಿಸಲೇಬೇಕು, ಇಲ್ಲಿನ ಕಾನೂನೇ ಹಾಗಿದೆ. ದೂರು ಬೇಡ ಎಂದು ಹೆಂಡತಿ ಹೇಳಿದರೂ ನಿಲ್ಲದು. ನ್ಯಾಯಾಧೀಶರು ನೋ ಕಾಂಟ್ಯಾಕ್ಟ್ ಆರ್ಡರ್ ಹೊರಡಿಸಿದರೆ ಗಂಡ ಆಕೆಗೆ ಫೋನ್ ಮಾಡುವಂತಿಲ್ಲ, ಚೀಟಿ ಕಳಿಸುವಂತಿಲ್ಲ, ಬೇರೆಯವರ ಬಾಯಲ್ಲಿ ಹೇಳಿಸುವಂತಿಲ್ಲ. ಆಕೆಯೇ ಕರೆದರೂ ಅವನು ಮನೆಗೆ ಹೋದರೆ ಅದು ಹೊಸ ಅಪರಾಧ. ಆ ಆದೇಶ ತೆಗೆಯುವುದು ನ್ಯಾಯಾಧೀಶರ ಕೈಯಲ್ಲಿ ಮಾತ್ರ. ಹಿರಿಯರು ಆಗ ರಾಜಿಗೆ ಓಡಾಡಬಾರದು, ಸೊಸೆಯ ಮೇಲೆ ಒತ್ತಡ ಹೇರಬಾರದು. ಆಕೆಗೂ ಜೊತೆ ಬೇಕು. ಬೆಲ್ವ್ಯೂನಲ್ಲಿ ಲೈಫ್‌ವೈರ್, ಸಿಯಾಟಲ್‌ನಲ್ಲಿ ದಕ್ಷಿಣ ಏಷ್ಯಾದವರ ಜೊತೆ ಕೆಲಸ ಮಾಡುವ ಎಪಿಐ ಚಾಯಾ ಎಂಬ ನೆರವಿನ ಸಂಸ್ಥೆಗಳಿವೆ, ಆ ನಂಬರುಗಳನ್ನು ಆಕೆಗೆ ಕೊಡಿ.

ಬಿಡುಗಡೆ ಎಷ್ಟು ಹೊತ್ತಿಗೆ ಎಂದು ಹೇಳಲಾಗದು, ನಡುರಾತ್ರಿಯೂ ಆಗಬಹುದು. ಅವರ ಫೋನಿನಲ್ಲಿ ಚಾರ್ಜ್ ಇರುವುದಿಲ್ಲ, ಕರೆತರಲು ಒಬ್ಬರು ತಯಾರಿರಲಿ. ಮುಂದಿನ ಕೋರ್ಟ್ ದಿನಾಂಕವಿರುವ ಕಾಗದ ಕೊಟ್ಟಿದ್ದರೆ ಕಾರಿನಲ್ಲೇ ಅದರ ಫೋಟೊ ತೆಗೆದು ವಕೀಲರಿಗೆ ಕಳಿಸಿ. ಆ ದಿನ ತಪ್ಪಿಸಿಕೊಂಡರೆ ವಾರೆಂಟ್ ಹೊರಡುತ್ತದೆ.